ವಿಹಾರವೂ ಇರಲಿ, ಕಡಿತಲೆಯೂ ಇರಲಿ

ಇಂಗ್ಲೆಂಡಿನ ಉತ್ತರ ಗಡಿಯ ಕೀಲ್ಡರ್ ಕಾಡಿಗೆ ರಜೆಯಲ್ಲಿ ಹೋಗಿಬಂದ ಓದುಗರೊಬ್ಬರು ಬರೆದಿದ್ದಾರೆ: "ಮರಗಳ ಕಡಿತಲೆ ನಡೆದಿದೆಯೆಂದು ದಾರಿ ಮುಚ್ಚಿದ್ದರು. ಫಲಕ ದಾಟಿ ಮುಂದೆ ಹೋದರೆ ಇಡೀ ಗುಡ್ಡ ಬೋಳಾಗಿತ್ತು. ಸರ್ಕಾರಿ ಕಾಡನ್ನು ಜನರ ವಿಹಾರಕ್ಕೆ ಬಿಟ್ಟು, ನಾಟಾ ವ್ಯವಹಾರವನ್ನು ಖಾಸಗಿಯವರಿಗೆ ವಹಿಸಬಾರದೇ?"

ಸಂಪಾದಕರ ಉತ್ತರ: ಹೊಸದಾಗಿ ಕಡಿದ ಗುಡ್ಡ ಕಣ್ಣಿಗೆ ಹಿತವಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಅದರಾಚೆಗೆ ನಿಮ್ಮೊಡನೆ ಬರಲಾರೆ.

ನೀವು ಮೆಚ್ಚಿದ ಆ ಕಾಡು ಹುಟ್ಟಿದ್ದೇ ನಾಟಾಕ್ಕಾಗಿ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಉಳಿದಿದ್ದ ಕಾಡು ಒಟ್ಟು ನೆಲದ ಸುಮಾರು ಶೇ. 5 ಮಾತ್ರ; ಮರಕ್ಕಾಗಿ ಪರದಾಡಿದ ಸರ್ಕಾರ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು, 1926ರಿಂದ ಕೀಲ್ಡರಿನ ಬಯಲು ಗುಡ್ಡಗಳಲ್ಲಿ ಸಸಿ ನೆಡುವ ಕೆಲಸ ಶುರುವಾಯಿತು. ಅಲ್ಲಿನ ಮುಖ್ಯ ಮರವಾದ ಸಿಟ್ಕಾ ಸ್ಪ್ರೂಸ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು, ನಲವತ್ತು-ಐವತ್ತು ವರ್ಷಕ್ಕೆ ಕಡಿತಲೆಗೆ ಬರುವ ಸೂಚಿಪರ್ಣ ಮರ. ಒದ್ದೆ ನೆಲದಲ್ಲಿ ಬೇರು ಆಳಕ್ಕಿಳಿಯದ ಕಾರಣ ಕಡಿಯದೆ ಬಿಟ್ಟರೂ ಅದು ನಿಂತೇ ಇರುವುದೆಂಬ ಭರವಸೆಯಿಲ್ಲ. 2021ರ ನವೆಂಬರಿನ ಆರ್ವೆನ್ ಬಿರುಗಾಳಿಗೆ ಅಲ್ಲಿ ಲಕ್ಷಾಂತರ ಮರಗಳು ಬುಡಸಮೇತ ಉರುಳಿದವು.

ಫಲಕ ದಾಟಿದ್ದನ್ನು ನೀವು ಸಹಜವೆಂಬಂತೆ ಬರೆದಿದ್ದೀರಿ. ಅದು ಸರಿಯಲ್ಲ. ಹಾರ್ವೆಸ್ಟರ್ ಯಂತ್ರ ಮರದ ಬುಡವನ್ನು ಹಿಡಿದು ಕೊಯ್ದು, ಅಡ್ಡ ಮಲಗಿಸಿ, ರೆಂಬೆಗಳನ್ನು ಸವರುತ್ತಲೇ ಉದ್ದ ಅಳೆದು ದಿಮ್ಮಿಗಳನ್ನಾಗಿ ತುಂಡರಿಸುವುದಕ್ಕೆ ಒಂದು ನಿಮಿಷವೂ ಬೇಕಿಲ್ಲ. ಸವರಿದ ರೆಂಬೆಗಳನ್ನೇ ತನ್ನ ಹಾದಿಗೆ ಹಾಸಿಕೊಂಡು ಕೆಸರಿನ ಮೇಲೆ ಮುಂದೆ ಸಾಗುತ್ತದೆ. ಅದರ ಗರಗಸದ ಸರಪಳಿ ತುಂಡಾದರೆ ಕೊಂಡಿಯ ಚೂರು ಗುಂಡಿನಂತೆ ಹಾರುತ್ತದೆ. ದಾರಿಬದಿ ಪೇರಿಸಿಟ್ಟ ದಿಮ್ಮಿಗಳ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುವವರೂ ಇದ್ದಾರೆ. ಆ ರಾಶಿ ಯಾವ ಗಳಿಗೆಯಲ್ಲಾದರೂ ಜಾರಬಹುದು.

ವಿಹಾರಕ್ಕೂ ನಾಟಾಕ್ಕೂ ವೈರವಿದೆಯೆಂದು ನೀವು ಭಾವಿಸಿದ್ದೀರಿ. ಅದೇ ಆಯೋಗ 1935ರಲ್ಲಿಯೇ ಸ್ಕಾಟ್ಲೆಂಡಿನ ಆರ್ಗೈಲ್‌ನಲ್ಲಿ ತನ್ನ ಮೊದಲ ವಿಹಾರವನವನ್ನು ಜನರಿಗೆ ತೆರೆಯಿತು. ದಿಮ್ಮಿ ಲಾರಿಗಳಿಗಾಗಿ ಮಾಡಿದ ಜಲ್ಲಿ ರಸ್ತೆಗಳಲ್ಲೇ ಇಂದು ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಮರ ಕಡಿಯುವ ಕೀಲ್ಡರ್ ಕಾಡಿನಲ್ಲೇ ಕೆಂಪು ಅಳಿಲುಗಳು ಉಳಿದುಕೊಂಡಿವೆ, ಮೀನು ಹಿಡಿಯುವ ಆಸ್ಪ್ರೇ ಹದ್ದುಗಳು 2009ರಲ್ಲಿ ಮರಳಿ ಬಂದು ಮರಿ ಮಾಡಿವೆ.

ನನ್ನನ್ನು ನೋಯಿಸುವುದು ನಿಮ್ಮ ಪತ್ರದ ಹಿಂದಿರುವ, ಈಗ ಎಲ್ಲೆಡೆ ಹರಡಿರುವ ಮನೋಭಾವ. ಮನೆಗೆ ಮರದ ನೆಲಹಾಸು ಬೇಕು, ಕಾಗದ ಬೇಕು. ಕಡಿಯುವುದು ಮಾತ್ರ ನಮ್ಮ ಕಣ್ಣೆದುರು ನಡೆಯಬಾರದು. ಬ್ರಿಟನ್ ಬಳಸುವ ಮರದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಈಗಲೂ ಹೊರದೇಶಗಳಿಂದ ಬರುತ್ತದೆ. ಆ ದೂರದ ಗುಡ್ಡಗಳು ಬೋಳಾದುದಕ್ಕೆ ಯಾವ ಪತ್ರಿಕೆಗೂ ಪತ್ರ ಬರುವುದಿಲ್ಲ.

ಖಾಸಗಿಗೆ ವಹಿಸುವ ಮಾತೂ ಹೊಸದಲ್ಲ. ಇಂಗ್ಲೆಂಡಿನ ಸರ್ಕಾರಿ ಕಾಡುಗಳನ್ನೇ ಮಾರುವ ಯೋಜನೆಗೆ ವಿರೋಧವಾಗಿ ಐದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2011ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಕಾಡಿಗೆ ಹೋಗಿ ನಡೆಯುವ ಜನ ಜೊತೆಗಿದ್ದುದರಿಂದಲೇ ಆ ದನಿಗೆ ಬಲ ಬಂದಿತು. ನಿಮಗೂ ಆ ಬಲವಿದೆ. ಅದನ್ನು ಬಳಸುವುದಾದರೆ ಕಡಿತಲೆ ನಿಲ್ಲಿಸಿ ಎನ್ನಬೇಡಿ. ಮುಚ್ಚಿದ ದಾರಿಗೆ ಬದಲಿ ದಾರಿ ತೋರಿಸಿ, ಕೆಲಸ ಮುಗಿದ ಕೂಡಲೇ ರಸ್ತೆ ದುರಸ್ತಿ ಮಾಡಿ ಫಲಕ ತೆಗೆಯಿರಿ ಎಂದು ಒತ್ತಾಯಿಸಿ.