ಹೇಳ್ಕೊಂಡಿದ್ದು ಕಣೇ, ಕಂಪ್ಲೇಂಟ್ ಬರೆಸಿದ್ದಲ್ಲ

ಬೇರೆಯವರ ಕಷ್ಟ ಕೇಳಿ ಬರೆದುಕೊಳ್ಳುವುದೇ ಕೆಲಸವಾಗಿರುವ ಜನ ಈಚೆಗೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್, ಮಕ್ಕಳ ಸಹಾಯವಾಣಿ 1098ಕ್ಕೆ ಬರುವ ಕರೆ ಎತ್ತುವ ಹುಡುಗಿ, ಕ್ರೈಂ ಸುದ್ದಿ ಮಾಡುವ ವರದಿಗಾರ. ಇವರಿಗೆ ಏಟು ಬಿದ್ದಿರುವುದಿಲ್ಲ, ಇವರ ಮನೆ ಸುಟ್ಟಿರುವುದಿಲ್ಲ. ಹಾಗಾಗಿ ತಮಗೆ ನೋವಾಗುವ ಹಕ್ಕೇ ಇಲ್ಲ ಅಂದುಕೊಂಡಿರುತ್ತಾರೆ. ಬಂದು ಕೂತ ಕೂಡಲೇ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ನನಗೇನೂ ಆಗಿಲ್ಲ ಮೇಡಂ, ನಿದ್ದೆ ಒಂದು ಬರ್ತಿಲ್ಲ."

ಇವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ದೇಶದ ಹೆಸರನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಅದನ್ನು ಬಿಟ್ಟರೆ ಆಕೆಯ ಕೆಲಸದ ಭಾರ ಓದುವವರಿಗೆ ತಿಳಿಯುವುದಿಲ್ಲ.

ಆಕೆ ಮಲೆನಾಡಿನ ಕಡೆಯವರು. ರಾಜ್ಯಶಾಸ್ತ್ರ ಓದಿದವರು. ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯ ಮೂಲಕ ದಕ್ಷಿಣ ಸುಡಾನ್‌ನ ಶಾಂತಿಪಾಲನಾ ಮಿಷನ್‌ಗೆ ಹೋದರು. ರಾಜಕೀಯ ವ್ಯವಹಾರಗಳ ವಿಭಾಗದಲ್ಲಿ ಅಸಿಸ್ಟೆಂಟ್. ಯುಎನ್ ಕೆಲಸ ಅಂದರೆ ಊರಿನವರ ಕಣ್ಣಿಗೆ ನ್ಯೂಯಾರ್ಕಿನ ಗಾಜಿನ ಕಟ್ಟಡ. ಆಕೆ ಇದ್ದದ್ದು ಕಾಂಪೌಂಡ್ ಒಳಗಿನ ಕಂಟೇನರ್ ಮನೆಯಲ್ಲಿ. ಕತ್ತಲಾದ ಮೇಲೆ ಹೊರಗೆ ಹೋಗುವಂತಿಲ್ಲ, ರೇಡಿಯೋ ಸೆಟ್ ಕೈಬಿಡುವಂತಿಲ್ಲ.

ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾಯಿತು. ಹೊಸ ದೇಶಕ್ಕೆ ಆಸರೆಯಾಗಲಿ ಎಂದು ಮಿಷನ್ ಶುರುವಾದದ್ದೂ ಆಗಲೇ. 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅದೇ ವರ್ಷ ಉಪಾಧ್ಯಕ್ಷ ಸ್ಥಾನ ಕಳೆದುಕೊಂಡಿದ್ದ ರಿಯಕ್ ಮಚಾರ್ ಕಡೆಯವರ ನಡುವೆ ಯುದ್ಧ ಹತ್ತಿಕೊಂಡಿತು. ಜನ ಜೀವ ಉಳಿದರೆ ಸಾಕೆಂದು ಮಿಷನ್‌ನ ಗೇಟಿಗೆ ಓಡಿ ಬಂದರು. ಗೇಟು ತೆರೆದರು. ಹಾಗೆ ಹುಟ್ಟಿದ ಶಿಬಿರಗಳಲ್ಲಿ ಬೆಂಟಿಯು ಊರಿನದೊಂದರಲ್ಲೇ ಒಮ್ಮೆ ಲಕ್ಷಕ್ಕೂ ಮೀರಿ ಜನರಿದ್ದರು. 2018ರಲ್ಲಿ ಒಪ್ಪಂದವಾಯಿತು. ಚುನಾವಣೆ ಮಾತ್ರ ಮುಂದೆ ಮುಂದೆ ಹೋಗುತ್ತಲೇ ಇದೆ. 2024ರ ಡಿಸೆಂಬರಿಗೆ ಅಂದಿದ್ದು 2026ರ ಡಿಸೆಂಬರಿಗೆ ಹೋಯಿತು.

ಇಂಥ ಕಡೆ ಆಕೆಯ ಕೆಲಸ ಏನು? ಬೆಳಗ್ಗೆ ಎದ್ದು ಸ್ಥಳೀಯ ರೇಡಿಯೋ, ಪತ್ರಿಕೆ, ಫೇಸ್‌ಬುಕ್‌ನಲ್ಲಿ ಏನು ಬಂದಿದೆ ಎಂದು ಸೋಸುವುದು. ಅಧಿಕಾರಿಗಳ ಜೊತೆ ಸಭೆಗಳಿಗೆ ಹೋಗುವುದು. ಜಿಲ್ಲೆಯ ಕಮಿಷನರ್, ಕುಲದ ಮುಖಂಡರು, ಶಿಬಿರದ ಮಹಿಳಾ ಸಂಘ, ಹೀಗೆ ಯಾರು ಏನು ಹೇಳಿದರು ಎಂದು ಒಂದಕ್ಷರ ಬಿಡದೆ ಬರೆದುಕೊಳ್ಳುವುದು. ಸಂಜೆಗೆ ಅದನ್ನೆಲ್ಲ ಕೆಲವೇ ಸಾಲಿಗೆ ಇಳಿಸಿ ವರದಿ ಕಳಿಸುವುದು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಭದ್ರತಾ ಮಂಡಳಿಗೆ 90 ದಿನಕ್ಕೊಮ್ಮೆ ಕೊಡುವ ವರದಿಗೆ ಇಂಥ ಎಷ್ಟೋ ಸಾಲುಗಳು ಕೆಳಗಿನಿಂದ ಹೋಗಿ ಸೇರುತ್ತವೆ. ಶಾಂತಿಪಾಲನೆ ನಿಂತಿರುವುದೇ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂಬ ನಂಬಿಕೆಯ ಮೇಲೆ. ಆದ್ದರಿಂದ ಪ್ರತಿ ಸಾಲನ್ನೂ ಎರಡೂ ಕಡೆಯವರು ಓದಿದರೆ ಹೇಗಿರುತ್ತದೆ ಎಂದು ಯೋಚಿಸಿ ಬರೆಯಬೇಕು. ಆಕೆ ಈ ಕೆಲಸದಲ್ಲಿ ಗಟ್ಟಿಗರು. ಅದಕ್ಕೇ ಕರಾರು ಮತ್ತೆ ಮತ್ತೆ ಮುಂದುವರಿದಿತ್ತು.

ರಜೆಗೆ ಊರಿಗೆ ಬಂದಿದ್ದಾಗ ತಮ್ಮನೇ ನನ್ನ ಹತ್ತಿರ ಕಳಿಸಿದ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಮದುವೆ ಮನೆಗೆ ಕರೆದುಕೊಂಡು ಹೋದರೆ ಮೂಲೆಯಲ್ಲಿ ಕೂತು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡುತ್ತಾರೆ. ಇವನ್ನೆಲ್ಲ ಆಕೆ ಸಲೀಸಾಗಿ ಹೇಳಿದರು. ಕಷ್ಟಪಟ್ಟು ಹೇಳಿದ್ದು ಬೇರೆ: "ಏನೂ ಅನ್ನಿಸ್ತಾನೇ ಇಲ್ಲ ಮೇಡಂ. ಸಂತೋಷನೂ ಇಲ್ಲ, ಬೇಜಾರೂ ಇಲ್ಲ."

ಮನೆಯವರದು ಒಂದೇ ಮಾತು, ಕೆಲಸ ಬಿಟ್ಟು ಬಾ. ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 2013ರಲ್ಲಿ ಆ ದೇಶಕ್ಕೆ ಶಾಂತಿಪಾಲನೆಗೆ ಹೋಗಿದ್ದ ನಮ್ಮ ಸೈನಿಕರು ಏಪ್ರಿಲ್‌ನಲ್ಲಿ ಐವರು, ಡಿಸೆಂಬರ್‌ನಲ್ಲಿ ಅಕೋಬೊ ನೆಲೆಯಲ್ಲಿ ಇಬ್ಬರು ಸತ್ತಿದ್ದರು. ಅದನ್ನು ಯಾರೋ ತಾಯಿಗೆ ಹೇಳಿಬಿಟ್ಟಿದ್ದರು. ಇಲ್ಲಿ ಒಂದು ಮಾತು ಹೇಳಬೇಕು. ಶಾಂತಿಪಾಲಕರ ನೀಲಿ ಟೋಪಿಯ ಸೇವೆ ಕನ್ನಡ ನಾಡಿಗೆ ಹೊಸದಲ್ಲ. ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿರುವಾಗಲೇ 1965ರಲ್ಲಿ ತೀರಿಕೊಂಡರು. ಆದರೆ ಸೈನಿಕರು ಪಲ್ಟನ್ ಜೊತೆ ಹೋಗಿ ಪಲ್ಟನ್ ಜೊತೆ ಬರುತ್ತಾರೆ. ಕಂಡದ್ದನ್ನು ಹಂಚಿಕೊಳ್ಳಲು ಪಕ್ಕದಲ್ಲೇ ನಮ್ಮವರು ಇರುತ್ತಾರೆ. ಸಿವಿಲಿಯನ್ ಕೆಲಸಕ್ಕೆ ಹೋದವರು ಒಂಟಿ. ವಾಪಸ್ ಬಂದಾಗ ಯಾರೂ ಹಾರ ಹಾಕುವುದಿಲ್ಲ. ಏನು ಮಾಡಿಬಂದರು ಎಂದು ಕೇಳುವವರೂ ಕಡಿಮೆ.

ಪ್ರಕರಣ ತಿರುಗಿದ್ದು ಒಂದು ಮಧ್ಯಾಹ್ನದ ಭೇಟಿಯಲ್ಲಿ. ಆಕೆ ಬಂದವರೇ ನಗುತ್ತಾ, "ನಿನ್ನೆ ಅಮ್ಮನ ಹತ್ರ ಚೆನ್ನಾಗಿ ಬೈಸ್ಕೊಂಡೆ" ಅಂದರು.

ದೊಡ್ಡಪ್ಪನ ಮಗ ತೋಟದ ಬೇಲಿಯನ್ನು ಈಚೆಗೆ ಸರಿಸಿದ್ದ. ಕೇಳಲು ಹೋದ ತಾಯಿಗೆ ಆಳುಗಳ ಎದುರೇ ಆಡಬಾರದ ಮಾತಾಡಿದ್ದ. ತಂದೆ ಇಲ್ಲ. ತಾಯಿ ಈ ಅವಮಾನವನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಹಿಂದಿನ ದಿನ ಅಡಿಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ಮಗಳ ಮುಂದೆ ಹೇಳಿ ಅತ್ತರು. ಮಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಶುರು ಮಾಡಿದರು. "ಇದು ಯಾವತ್ತು ಆಗಿದ್ದು? ಅಲ್ಲಿ ಯಾರ್ಯಾರು ಇದ್ರು? ಬೇಲಿ ಸರಿಸಿದ್ದನ್ನ ನೀನೇ ನೋಡಿದ್ಯಾ, ಇಲ್ಲ ಯಾರಾದ್ರೂ ಹೇಳಿದ್ರಾ?" ಕೊನೆಗೆ, "ಅವನೇನು ಹೇಳ್ತಾನೆ ಅಂತಲೂ ಕೇಳ್ಬೇಕಲ್ವಾ ಅಮ್ಮ."

ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರಂತೆ. "ನಿನ್ನ ಹತ್ರ ಹೇಳ್ಕೊಂಡಿದ್ದು ಕಣೇ ನಾನು, ಕಂಪ್ಲೇಂಟ್ ಬರೆಸಿದ್ದಲ್ಲ."

"ಅಮ್ಮ ಅಳುವಾಗ ನಿಮಗೆ ಏನನ್ನಿಸ್ತು?" ಎಂದು ಕೇಳಿದೆ.

ಯೋಚಿಸಿದರು. "ಯಾವ ಪಾಯಿಂಟೂ ಬಿಟ್ಟುಹೋಗಬಾರದು ಅನ್ನಿಸ್ತು" ಅಂದರು. ಅಂದ ಮೇಲೆ ನಗು ನಿಂತಿತು.

"ಅಲ್ಲಿ ನಿಮ್ಮ ಹತ್ರ ಹೀಗೆ ಹೇಳ್ಕೊಂಡವರು ಯಾರಾದ್ರೂ ಇದ್ದಾರಾ?"

ಇದ್ದರು. ಶಿಬಿರದಲ್ಲಿ ಪ್ಲಾಸ್ಟಿಕ್ ಶೀಟಿನ ಚಪ್ಪರದ ಕೆಳಗೆ ಹೆಂಗಸರ ಸಭೆ. ಸೌದೆ ತರಲು ಶಿಬಿರದಿಂದ ಹೊರಗೆ ಹೋದವರ ಮೇಲೆ ದಾಳಿಗಳಾಗುತ್ತಿದ್ದ ಕಾಲ. ಸಭೆ ಮುಗಿದು ಎಲ್ಲರೂ ಎದ್ದಾಗ ತಾಯಿಯ ವಯಸ್ಸಿನ ಒಬ್ಬರು ಹತ್ತಿರ ಬಂದು, ನೋಟ್‌ಬುಕ್ಕಿನ ಅಂಚು ಹಿಡಿದುಕೊಂಡರು. ಸೌದೆಗೆ ಹೋದ ಮಗಳು ಬಂದಿಲ್ಲ ಎಂದು ಸಭೆಯಲ್ಲೇ ಹೇಳಿದ್ದರು. ಈಗ ಅವರು ಕೇಳಿದ್ದು ಒಂದೇ, ಮಗಳ ಹೆಸರನ್ನು ಹೇಗೆ ಬರೆದಿದ್ದೀ ಓದಿ ಹೇಳು. ಈಕೆ ಓದಿದರು. ಉಚ್ಚಾರ ಸರಿ ಇರಲಿಲ್ಲ. ಆ ತಾಯಿ ತಿದ್ದಿದರು. ಸರಿಯಾಗುವವರೆಗೆ ಹೇಳಿಸಿದರು. ದುಭಾಷಿಯಾಗಿದ್ದ ಸಹೋದ್ಯೋಗಿ ಅದೇ ನೆಲದವರು, ಅದೇ ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು. ಅವರ ಗಂಟಲು ಕಟ್ಟಿಕೊಂಡು ಮಾತು ನಿಂತಿತು. ಈಕೆ ಕಾದರು, ಆಮೇಲೆ "ಮುಂದೆ ಹೇಳಿ" ಅಂದರು.

ಅವತ್ತು ಸಂಜೆಯ ವರದಿಯಲ್ಲಿ ಹೋದದ್ದು, ಸೌದೆಗೆ ಹೋಗುವ ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ ಶಿಬಿರದ ಮಹಿಳೆಯರು ಆತಂಕ ಹೇಳಿಕೊಂಡರು ಎಂಬ ಒಂದು ಸಾಲು.

"ಹೆಸರನ್ನ ತೆಗೆದಿದ್ದು ನಾನೇ ಮೇಡಂ. ಬೇರೆ ಯಾರೂ ಅಲ್ಲ. ರಾತ್ರಿ ಅದೇ ಹೆಸರು ಕೇಳಿಸ್ತಿರುತ್ತೆ."

ಆ ಹೆಸರನ್ನು ನನಗೂ ಹೇಳಬೇಡಿ ಎಂದೆ. ಗೌಪ್ಯತೆಯ ಕರಾರು ಇದ್ದವರಿಗೆ ನಮ್ಮ ಕೋಣೆಯಲ್ಲೂ ಅದು ಮುರಿಯದ ಹಾಗೆ ನಡೆಸಬೇಕು. ಆಮೇಲೆ ಕೇಳಿದೆ, "ಆ ಹೆಸರು ವರದಿಯಲ್ಲಿ ಇದ್ದಿದ್ದರೆ ಏನಾಗ್ತಿತ್ತು?"

ಉತ್ತರ ತಡವಾಗಲಿಲ್ಲ. ವರದಿ ಎಷ್ಟೋ ಜನರಿಗೆ ಹೋಗುತ್ತದೆ. ಶಿಬಿರ ಚಿಕ್ಕದು. ಹೆಸರು ಹೊರಗೆ ಬಂದರೆ ಹೇಳಿದ ತಾಯಿ ಯಾರೆಂದು ಗೊತ್ತಾಗುತ್ತದೆ. ಉಳಿದ ಮಕ್ಕಳೂ ಅಲ್ಲೇ ಇದ್ದಾರೆ. ಹಾಗಾದರೆ ಹೆಸರು ಎಲ್ಲಿಗೂ ಹೋಗಲೇ ಇಲ್ಲವಾ ಎಂದು ಕೇಳಿದೆ. ಮಾನವ ಹಕ್ಕುಗಳ ವಿಭಾಗಕ್ಕೆ ಅದೇ ದಿನ ಪ್ರತ್ಯೇಕವಾಗಿ ಕೊಟ್ಟಿದ್ದರು! ಒಬ್ಬೊಬ್ಬರ ಪ್ರಕರಣ ಹಿಡಿದು ವಿಚಾರಿಸುವವರು ಅವರೇ. ಇದನ್ನು ಆಕೆ ನನಗೆ ಇಷ್ಟು ದಿನ ಹೇಳಿಯೇ ಇರಲಿಲ್ಲ. ಅದು ಲೆಕ್ಕಕ್ಕೆ ಬರುವ ಕೆಲಸ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ.

"ವರದಿಯಿಂದ ತೆಗೆದಿದ್ದು ಸರಿ" ಎಂದೆ. "ಆದರೆ ನಿಮ್ಮ ಒಳಗಿಂದಲೂ ತೆಗೆಯೋಕೆ ಹೋದ್ರಿ. ಅದನ್ನ ನಿಮ್ಮ ಕೆಲಸ ಯಾವತ್ತೂ ಕೇಳಿಲ್ಲ."

ಆಗ ಅತ್ತರು. ನಾನು ಗಡಿಯಾರ ನೋಡಲಿಲ್ಲ.

ಸಲಹೆಗೆ ಬರುತ್ತೇನೆ. ಮೊದಲನೆಯದು, ರಜೆಯಲ್ಲಿರುವಾಗ ರಾಜೀನಾಮೆ ಬೇಡ. ಇದಕ್ಕೆ ಮನೆಯವರು ನನ್ನ ಮೇಲೆ ಸಿಟ್ಟಾದರು. "ನಿಮ್ಮ ಮಗಳಾಗಿದ್ರೆ ಹೀಗೇ ಹೇಳ್ತಿದ್ರಾ?" ಎಂದು ಅವರ ಚಿಕ್ಕಮ್ಮ ಕೇಳಿದರು. ಹೇಳುತ್ತಿದ್ದೆ. ಅಪಾಯದ ಜಾಗಕ್ಕೆ ಹೋಗಬೇಕೋ ಬೇಡವೋ ಅನ್ನುವುದು ಆಕೆಯ ತೀರ್ಮಾನ, ನನ್ನದೂ ಅಲ್ಲ, ಚಿಕ್ಕಮ್ಮನದೂ ಅಲ್ಲ. ನಿದ್ದೆಗೆಟ್ಟ ತಲೆಯಲ್ಲಿ ಅದನ್ನು ತೀರ್ಮಾನಿಸಬೇಡಿ ಎಂಬುದಷ್ಟೇ ನನ್ನ ಮಾತು. ಕೆಲಸ ಬಿಟ್ಟ ಕೂಡಲೇ ಆ ಹೆಸರು ಕೇಳಿಸುವುದು ನಿಲ್ಲುವುದಿಲ್ಲ. "ನಡುವೆ ಬಿಟ್ಟು ಬಂದೆ" ಎಂಬ ಕೊರಗು ಅದರ ಜೊತೆ ಸೇರಿಕೊಳ್ಳುತ್ತದೆ. 2023ರ ಕೊನೆಗೆ ಆಫ್ರಿಕಾದ ಮಾಲಿ ದೇಶದಲ್ಲಿದ್ದ ವಿಶ್ವಸಂಸ್ಥೆಯ ಮಿಷನ್ ಮುಚ್ಚಿದ್ದು ಓದುಗರಿಗೆ ನೆನಪಿರಬಹುದು. ಹಾಗೆ ಕೆಲಸ ದಿಢೀರನೆ ನಿಂತುಹೋದವರಲ್ಲಿ ಇದೇ ಕೊರಗು ದೊಡ್ಡದು. ಹಣದ ಕೊರತೆಯಿಂದ ಮಿಷನ್‌ಗಳು ಸೊರಗುತ್ತಿರುವ ಈ ದಿನಗಳಲ್ಲಿ ಇದನ್ನು ಇನ್ನಷ್ಟು ನೋಡಬೇಕಾಗುತ್ತದೆ.

ನಿದ್ದೆಗೆ ಮನೋವೈದ್ಯರ ಹತ್ತಿರ ಕಳಿಸಿದೆ. ಮಾತಿನಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬುವವಳಲ್ಲ.

ಎರಡನೆಯ ಸಲಹೆಗೆ ನನ್ನ ವೃತ್ತಿಯವರೇ ಹುಬ್ಬೇರಿಸಿದರು. ಇವತ್ತು ಮನೆಗೆ ಹೋಗಿ ಅಮ್ಮನ ಪಕ್ಕ ಕೂತು, "ಅವನು ಮಾಡಿದ್ದು ತಪ್ಪು ಅಮ್ಮ, ನನಗೂ ಸಿಟ್ಟು ಬಂದಿದೆ" ಎಂದು ಹೇಳಿ ಅಂದೆ. ಅವನ ಕಡೆ ಕೇಳಬೇಡಿ. ಪಕ್ಷ ಹಿಡಿಯಿರಿ. ಆಪ್ತಸಲಹೆಗಾರರು ಹೀಗೆ ಹೇಳಬಹುದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬೇಲಿಯ ನ್ಯಾಯ ತೀರ್ಮಾನಿಸಲು ಸರ್ವೆ ಇಲಾಖೆ ಇದೆ. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅಳೆದು ಕೊಡುತ್ತಾರೆ. ಅಳುವ ತಾಯಿಗೆ ಬೇಕಿದ್ದದ್ದು ಅಳತೆಯಲ್ಲ. ಇಡೀ ವರ್ಷ ಯಾರ ಪರವೂ ನಿಲ್ಲದೆ ದುಡಿಯುವ ಮನುಷ್ಯರಿಗೆ ಕಣ್ಣು ಮುಚ್ಚಿ ಪಕ್ಷ ವಹಿಸಬಹುದಾದ ಒಂದು ಮನೆಯಾದರೂ ಬೇಕು. ನಿಷ್ಪಕ್ಷಪಾತ ಅನ್ನುವುದು ಆಡುವ ಮಾತಿಗೆ, ಬರೆಯುವ ವರದಿಗೆ ಇರುವ ಕಟ್ಟಳೆ. ಎದೆಗೂ ಅದನ್ನೇ ಹಾಕಿಕೊಂಡರೆ "ಏನೂ ಅನ್ನಿಸ್ತಿಲ್ಲ" ಅನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಎಂಥ ಒಳ್ಳೆಯ ಕೆಲಸಗಾರರೂ ಅಲ್ಲಿಗೇ ಬರುತ್ತಾರೆ. ನಾನು ಈ ಸಲಹೆಯನ್ನು ಇವತ್ತೂ ಕೊಡುತ್ತೇನೆ.

ವಾಪಸ್ ಹೋದ ಮೇಲೆ ಮಾಡಬೇಕಾದ ಕೆಲಸಗಳನ್ನೂ ಇಬ್ಬರೂ ಕೂತು ಮಾತಾಡಿದೆವು. ಮಿಷನ್‌ನಲ್ಲೇ ಸಿಬ್ಬಂದಿಗೆ ಆಪ್ತಸಲಹೆಗಾರರು ಇರುತ್ತಾರೆ. ಅಲ್ಲಿಗೆ ಹೋದರೆ ಕರಾರು ಮುಂದುವರಿಯುವುದಿಲ್ಲ ಎಂದು ಆಕೆ ಹೆದರಿದ್ದರು. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯಬೇಕಾದದ್ದು, ಹೋಗುವ ಮೊದಲು ಅದನ್ನು ಅವರಿಂದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ ಎಂದೆ. ಕಷ್ಟದ ಜಾಗಗಳಲ್ಲಿ ಕೆಲವು ವಾರಕ್ಕೊಮ್ಮೆ ಐದು ಕೆಲಸದ ದಿನ ವಿಶ್ರಾಂತಿ ರಜೆ ಕೊಡುತ್ತಾರೆ. ಆಕೆ ಅದನ್ನು ಕೆಲಸ ಜಾಸ್ತಿ ಇದೆಯೆಂದು ಬಿಟ್ಟುಬಿಡುತ್ತಿದ್ದರು. ಇನ್ನು ಬಿಡುವಂತಿಲ್ಲ ಎಂದು ಮಾತು ತೆಗೆದುಕೊಂಡೆ. ಡೈರಿ ಬರೆಯಿರಿ ಎಂದು ನಾವು ಎಲ್ಲರಿಗೂ ಹೇಳುತ್ತೇವಲ್ಲ, ಇಂಥವರಿಗೆ ಅದನ್ನು ಹಾಗೇ ಹೇಳಬಾರದು. ಹೆಸರು, ಊರು, ಘಟನೆ ಇರುವ ಡೈರಿ ಕಳೆದುಹೋದರೆ ಯಾರದೋ ಜೀವಕ್ಕೆ ಕುತ್ತು. ತನಗೆ ಏನನ್ನಿಸಿತು ಎಂಬುದನ್ನು ಮಾತ್ರ ಕನ್ನಡದಲ್ಲಿ ಬರೆಯಲಿ, ಬರೆದು ಹರಿದು ಹಾಕಲಿ.

ದುಭಾಷಿ ಸಹೋದ್ಯೋಗಿಯ ಬಗ್ಗೆ ನಾನು ಏನೂ ಹೇಳಲಿಲ್ಲ. ಆಕೆಯೇ ಹೇಳಿದರು. "ಅವರಿಗೆ ಆಗಿದ್ದರ ಮುಂದೆ ನನ್ನದೇನು ಅಂತ ಇಷ್ಟು ದಿನ ಸುಮ್ನಿದ್ದೆ. ಅವರನ್ನೂ ಒಂದು ಮಾತು ಕೇಳಲಿಲ್ಲ." ಕಷ್ಟದ ಸಭೆ ಮುಗಿದ ಮೇಲೆ ಗಾಡಿ ಹತ್ತುವ ಮೊದಲು ಇಬ್ಬರೂ ಹತ್ತು ನಿಮಿಷ ಚಹಾ ಕುಡಿಯುವುದೆಂದು ಅವರೇ ಯೋಚಿಸಿಕೊಂಡು ಹೋದರು. ಈಗಲೂ ಅದನ್ನು ನಡೆಸುತ್ತಿದ್ದಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ವಾಸಿ. ಈ ಕರಾರು ಮುಗಿದ ಮೇಲೆ ಮುಂದುವರಿಯಬೇಕೇ ಎಂಬುದನ್ನು ಇನ್ನೂ ಯೋಚಿಸುತ್ತಿದ್ದಾರೆ.

ಮನೆಯಲ್ಲಿ ಇಂಥ ಕೆಲಸದವರು ಇದ್ದರೆ, ಬಂದ ದಿನವೇ "ಅಲ್ಲಿ ಏನೇನು ನೋಡ್ದೆ" ಎಂದು ಕೇಳಬೇಡಿ. ಬೇಸಾಯದ್ದೋ ನೆಂಟರದ್ದೋ ನಿಮ್ಮ ಸಣ್ಣಪುಟ್ಟ ಜಗಳಗಳನ್ನು ಅವರ ಮುಂದೆ ಧಾರಾಳವಾಗಿ ಹೇಳಿ. ಅವರ ಕಷ್ಟದ ಮುಂದೆ ನಮ್ಮದು ಸಣ್ಣದು ಎಂದು ಮುಚ್ಚಿಡಬೇಡಿ. ನಿದ್ದೆ ಇಲ್ಲದೆ ವಾರಗಳು ಕಳೆದರೆ ಹತ್ತಿರದ ಮನೋವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಹೋಗಲು ಮನಸ್ಸಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.