ಕೆರೆ ದಡವನ್ನು ಎಷ್ಟು ‘ಕ್ಲೀನ್’ ಮಾಡಬೇಕು?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: ‘ನಮ್ಮ ತೋಟದ ಅಂಚಿಗೇ ಊರ ಕೆರೆ. ಹೋಂಸ್ಟೇ ಶುರು ಮಾಡಿದಾಗ ದಡದ ಪೊದೆ ಕಡಿಸಿ, ನೀರಿನವರೆಗೂ ಲಾನ್ ಹಾಕಿಸಿದೆ. ಈಗ ನೀರು ಹಸಿರಾಗಿದೆ. ಎದುರು ದಡದ ತೋಟದವರು ನನ್ನನ್ನೇ ದೂರುತ್ತಾರೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಿಮ್ಮ ಪಲ್ಪರ್ ಯಂತ್ರದ ನೀರು ಎಲ್ಲಿಗೆ ಹೋಗುತ್ತೆ ಅಂತ ನಾನೂ ಕೇಳಿದೆ. ಈಗ ಮಾತುಕತೆ ಇಲ್ಲ. ಕೆರೆ ಮೇಲೆ ನನಗೂ ಪ್ರೀತಿ ಇದೆ. ತಪ್ಪು ಯಾರದು?’

ಮಾನ್ಯರೇ,

ಇಬ್ಬರದೂ. ಮೊದಲೇ ಹೇಳಿಬಿಟ್ಟೆ, ಬೇಜಾರಾಗಬೇಡಿ.

ಕೆರೆ ಪಕ್ಕ ಜಾಗ ಇರುವ ಯಾರನ್ನೇ ಕೇಳಿ, ನೀರು ಚೆನ್ನಾಗಿರಬೇಕು ಅಂತಲೇ ಹೇಳುತ್ತಾರೆ. ಮನಸಾರೆ ಹೇಳುತ್ತಾರೆ. ಆದರೆ ನೀರು ಊರಿನದು, ದಡ ಮಾತ್ರ ನಮ್ಮದು ಅಂದುಕೊಂಡಿರುತ್ತೇವೆ. ಅಲ್ಲೇ ಎಡವುವುದು.

ನಿಮ್ಮ ಲಾನಿಗೆ ಗೊಬ್ಬರ ಹಾಕುತ್ತೀರಿ ಅಲ್ವಾ? ನಮ್ಮ ಜುಲೈ ಮಳೆಗೆ ಅದರಲ್ಲಿ ಒಂದಷ್ಟು ಸೀದಾ ಕೆರೆಗೆ ಇಳಿಯುತ್ತದೆ. ಅದರಲ್ಲಿರುವ ರಂಜಕ ಹುಲ್ಲಿಗೆ ಹೇಗೋ ಪಾಚಿಗೂ ಹಾಗೇ. ಅಮೆರಿಕದ ಮಿನ್ನೆಸೋಟದಲ್ಲಿ ಕೆರೆಗಳು ಜಾಸ್ತಿ. ಅಲ್ಲಿ 2005ರಿಂದ ರಾಜ್ಯದುದ್ದಕ್ಕೂ ಲಾನಿಗೆ ರಂಜಕದ ಗೊಬ್ಬರ ಸುಮ್ನೆ ಹಾಕುವಂತಿಲ್ಲ. ಹೊಸ ಲಾನ್ ಆಗಿರಬೇಕು, ಇಲ್ಲವೇ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡಿರಬೇಕು.

ಪಲ್ಪರ್ ನೀರಿನ ವಿಷಯದಲ್ಲಿ ನೀವು ಕೇಳಿದ್ದು ಸರಿ. ಹಣ್ಣಿನ ಲೋಳೆಯಲ್ಲಿ ಸಕ್ಕರೆ ಅಂಶ ಇರುತ್ತದೆ. ಅದು ನೀರಲ್ಲಿ ಕೊಳೆಯುವಾಗ ಆಮ್ಲಜನಕ ಮುಗಿದು, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಹಾಗೆ ಕೆರೆಗೆ ಬಿಡಲು 1974ರ ಜಲ ಕಾಯ್ದೆಯಲ್ಲಿ ಅವಕಾಶವೂ ಇಲ್ಲ.

ನನಗೆ ಹೆಚ್ಚು ಸಂಕಟವಾಗಿದ್ದು ಪತ್ರದ ಕೊನೆಯಲ್ಲಿ ನೀವು ಬರೆದ ಇನ್ನೊಂದು ಸಾಲಿಗೆ. ‘ನೀರಿನ ಮೇಲೆ ಬಾಗಿದ ಕೊಂಬೆ ಸವರಿಸಿ, ದಡಕ್ಕೆ ಕಲ್ಲು ಕಟ್ಟಿಸಬೇಕೆಂದಿದ್ದೇನೆ.’ ದಯವಿಟ್ಟು ತಡೆಯಿರಿ. ಮಳೆ ಹಿಡಿದ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ಆ ಕೊಂಬೆ ನೋಡಿ. ಎಲೆಗಳ ನಡುವೆ ಸೋಪಿನ ನೊರೆಯಂತಹ ಬಿಳಿ ಮುದ್ದೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಮೊಟ್ಟೆಗಳು ಆ ನೊರೆಯೊಳಗಿರುತ್ತವೆ. ಒಡೆದ ಮೇಲೆ ಗೊದಮೊಟ್ಟೆಗಳು ಟಪಟಪ ಅಂತ ಕೆಳಗಿನ ನೀರಿಗೆ ಬೀಳುತ್ತವೆ. ಕೊಂಬೆಯ ಕೆಳಗೆ ನೀರಿರಲೇಬೇಕು. ಲಾನ್ ಮೇಲೆ ಬಿದ್ದರೆ ಕಥೆ ಮುಗಿಯಿತು. ಮಿಂಚುಳ್ಳಿಗೋ ಮಣ್ಣಿನ ದಡವೇ ಬೇಕು, ಬಿಲ ಕೊರೆದು ಮೊಟ್ಟೆ ಇಡಲು. ಸಿಮೆಂಟು ಹಾಕಿ ಕಟ್ಟಿದ ಕಲ್ಲನ್ನು ಕೊರೆಯುವ ಕೊಕ್ಕು ಅದಕ್ಕಿಲ್ಲ. ನಿಮ್ಮ ಗೆಸ್ಟುಗಳು ಫೋಟೋ ತೆಗೆಯುವುದು ಅದರದ್ದೇ ಅಲ್ವಾ?

ಪೊದೆ ಬಿಟ್ಟರೆ ಹಾವು ಬರುತ್ತೆ ಅಂದಿದ್ದೀರಿ. ಬರುತ್ತೆ, ಇಲ್ಲ ಅನ್ನಲಾರೆ. ಓಡಾಡಲು ಒಂದು ದಾರಿ ಅಗಲವಾಗಿ, ಚೊಕ್ಕಟವಾಗಿ ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ. ಅಮೆರಿಕದ್ದೇ ಆದ ವಿಸ್ಕಾನ್ಸಿನ್ ರಾಜ್ಯದಲ್ಲೂ ದಡದ ಮನೆಯವರಿಗೆ ನೋಟ ಬೇಕೇ ಬೇಕು. ನೀರಂಚಿನಿಂದ 35 ಅಡಿ ಗಿಡಮರ ಇರಬೇಕು, ಆದರೆ 100 ಅಡಿ ದಡಕ್ಕೆ 35 ಅಡಿಯಷ್ಟು ನೋಟಕ್ಕೆಂದು ತೆರೆದುಕೊಳ್ಳಬಹುದು ಅನ್ನುವುದು ಅಲ್ಲಿನ ರಾಜಿ. ನಿಮ್ಮ ಎರಡು ಕಾಟೇಜಿಗೆ ಅಷ್ಟು ಸಾಲದೇ?

ಲಾನ್ ಪೂರ್ತಿ ಕೀಳಬೇಡಿ. ನೀರಿನ ಕಡೆಯ ಹತ್ತು ಹೆಜ್ಜೆಗೆ ಮೆಷಿನ್ ಹೋಗದಿದ್ದರೆ ಸಾಕು. ಜೂನ್‌ನಲ್ಲಿ ಕೇದಗೆ ಜಾತಿಯ ಮುಂಡಿಗೆ ಗಿಡ ನೆಡಿಸಿ. ಹಳೆಯ ತೋಡುಗಳ ಪಕ್ಕ ಅದನ್ನು ನೋಡಿರುತ್ತೀರಿ, ಮುಳ್ಳು ಜಾಸ್ತಿ, ಆದರೆ ಮಣ್ಣು ಹಿಡಿಯುವುದರಲ್ಲಿ ಗಟ್ಟಿಗ. ನಡುವೆ ಒಂದೆರಡು ನೇರಳೆ ಇರಲಿ. ಮತ್ತೆ ಗೆಸ್ಟ್ ಬಾತ್‌ರೂಮಿನ ಇಂಗುಗುಂಡಿ ಎಲ್ಲಿದೆ ಅಂತ ನೀವು ಬರೆದೇ ಇಲ್ಲ. ಕೆರೆ ಹತ್ತಿರವಿದ್ದರೆ ಪಾಚಿಗೆ ಅದೂ ಊಟ. ಈ ಮಳೆಗೆ ಮುಂಚೆಯೇ ದೂರಕ್ಕೆ ಸಾಗಿಸಿ.

ಎದುರು ದಡದವರ ಹತ್ತಿರ ಮಾತು ಶುರು ಮಾಡಲು ನೆಪ ಬೇಕಿದ್ದರೆ ಈ ಸಂಚಿಕೆ ತಗೊಂಡು ಹೋಗಿ. ಪಲ್ಪರ್ ಪ್ಯಾರಾ ಮೊದಲೇ ತೋರಿಸಬೇಡಿ, ಕಾಫಿ ಕುಡಿದಾದ ಮೇಲೆ ಸಾಕು.

– ಸಂಪಾದಕ