ಹಂಡೆ ನೀರು ಬೇರೆ, ತೊಟ್ಟಿ ನೀರು ಬೇರೆ

ನಮಸ್ಕಾರ. ಬಿಸಿನೀರಿನ ಸ್ನಾನದಿಂದ ರಕ್ತನಾಳಕ್ಕೆ ಏನು ಲಾಭ ಅಂತ ನೀವು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಸಾಕುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. 'ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು' ಅಂತ ಶುರುವಾಗುವ ಬರಹ ವಾರಕ್ಕೆ ನಾಲ್ಕಾದರೂ ಬರುತ್ತವೆ. ನಿಮ್ಮ ಲೇಖನ ಶುರುವಾಗುವುದೇ ಮೂರನೇ ಪ್ಯಾರಾದಲ್ಲಿ. ಬಚ್ಚಲೊಲೆಗೆ ತೆಂಗಿನ ಗರಿ ತುರುಕುತ್ತಾ ಕೂತ ಅಜ್ಜಿ, ಮಸಿ ಹಿಡಿದ ಹಂಡೆ, ಬೆನ್ನ ಮೇಲೆ ಮೊದಲ ಚೊಂಬು ಬಿದ್ದಾಗ ಕುಣಿದಾಡಿದ ನೀವು. ಅದನ್ನು ಮುಟ್ಟಬೇಡಿ.

ಎಡವಿದ್ದು ಅಲ್ಲಿಂದ ಒಂದೇ ನೆಗೆತಕ್ಕೆ ಅಮೆರಿಕಕ್ಕೆ ಹಾರುವಾಗ. 'ಅಜ್ಜಿಯ ಸ್ನಾನವನ್ನೇ ವಿಜ್ಞಾನಿಗಳು ಸಾಬೀತು ಮಾಡಿದರು' ಅಂದಿದ್ದೀರಿ. ಇಲ್ಲ ಮಾರಾಯ್ರೇ. ಒರೆಗಾನ್ ವಿಶ್ವವಿದ್ಯಾಲಯದವರ 2016ರ ಪ್ರಯೋಗದಲ್ಲಿ ಜನ 40.5 ಡಿಗ್ರಿ ಸೆಲ್ಸಿಯಸ್ ನೀರಿನ ತೊಟ್ಟಿಯಲ್ಲಿ ಭುಜದವರೆಗೆ ಮುಳುಗಿ ಕೂತರು, ಮೈಯೊಳಗಿನ ಬಿಸಿ 38.5 ಡಿಗ್ರಿ ಮುಟ್ಟಿದ ಮೇಲೆ ಒಂದು ಗಂಟೆ ಅದು ಇಳಿಯದ ಹಾಗೆ ನೋಡಿಕೊಂಡರು, ಹೀಗೆ ವಾರಕ್ಕೆ ನಾಲ್ಕೈದು ಸಲ, ಎಂಟು ವಾರ. ಹೋಲಿಕೆಗೆ ಅಂತ ಇನ್ನೊಂದು ಗುಂಪು ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ನೀರಲ್ಲಿ. ಎರಡೂ ಸೇರಿ ಇಪ್ಪತ್ತೇ ಜನ, ಎಲ್ಲರೂ ಹರೆಯದವರು. ಚೊಂಬಲ್ಲಿ ಹೊಯ್ದುಕೊಂಡು ಹತ್ತು ನಿಮಿಷಕ್ಕೆ ಎದ್ದು ಬರುವ ಸ್ನಾನಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?

ಅವರು ಅಳೆದದ್ದು ಹೇಗೆ ಅನ್ನೋದೇ ಕುತೂಹಲದ ಸಂಗತಿ, ನೀವು ಅದನ್ನೇ ಬಿಟ್ಟಿದ್ದೀರಿ. ಮುಂಗೈಗೆ ಬಿಪಿ ನೋಡುವಂಥ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆಯುತ್ತಾರೆ. ಪಟ್ಟಿ ಸಡಿಲಿಸಿದ ಕೂಡಲೇ ರಕ್ತ ನುಗ್ಗುತ್ತದಲ್ವಾ, ಆಗ ತೋಳಿನ ರಕ್ತನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡಲ್ಲಿ ನೋಡುತ್ತಾರೆ. ಹೆಚ್ಚು ಹಿಗ್ಗಿದಷ್ಟೂ ನಾಳ ಚೆನ್ನಾಗಿದೆ ಅಂತ ಲೆಕ್ಕ. ಬಿಸಿನೀರಲ್ಲಿ ಕೂತವರಲ್ಲಿ ಆ ಹಿಗ್ಗು ಶೇ. 5.6ರಿಂದ 10.9ಕ್ಕೆ ಏರಿತು. ಇದನ್ನು ಬರೆಯಿರಿ.

'ಅಂತಃಸ್ತರದ ನೈಟ್ರಿಕ್ ಆಕ್ಸೈಡ್ ಜೈವಲಭ್ಯತೆ' ಯಾರಿಗೆ ಅರ್ಥವಾಗಬೇಕು? ಮೈ ಬಿಸಿಯಾದರೆ ರಕ್ತ ಜೋರಾಗಿ ಹರಿಯುತ್ತದೆ. ಆ ಉಜ್ಜಾಟಕ್ಕೆ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಸುತ್ತಲಿನ ಸ್ನಾಯು ಸಡಿಲವಾಗುತ್ತದೆ. ಸಾಕು.

ಫಿನ್ಲೆಂಡಿನ ಸೌನಾ, ಅಂದರೆ ಕಾದ ಕೋಣೆಯಲ್ಲಿ ಕೂತು ಬೆವರುವ ಸ್ನಾನ, ಅದರ ಅಧ್ಯಯನದ ಲೆಕ್ಕವೂ ನಿಮ್ಮ ಬರಹದಲ್ಲಿ ತಪ್ಪಿದೆ. ಶೇ. 63 ಕಡಿಮೆ ಕಂಡದ್ದು ಹೃದಯದಿಂದಾಗುವ ಹಠಾತ್ ಸಾವು, 'ಎಲ್ಲ ಹೃದ್ರೋಗ' ಅಲ್ಲ. ಅದೂ ವಾರಕ್ಕೊಮ್ಮೆ ಹೋಗುವವರ ಜೊತೆ, ನಾಲ್ಕರಿಂದ ಏಳು ಸಲ ಹೋಗುವವರನ್ನು ಹೋಲಿಸಿದಾಗ. 2,315 ಗಂಡಸರನ್ನು ಇಪ್ಪತ್ತು ವರ್ಷ ಗಮನಿಸಿದರು ಅಷ್ಟೇ. ದಿನಾ ಸೌನಾಕ್ಕೆ ಹೋಗುವಷ್ಟು ಗಟ್ಟಿ ಇದ್ದವರೇ ಜಾಸ್ತಿ ಬದುಕಿರಬಹುದಲ್ವಾ?

ಬಿಪಿ ಮಾತ್ರೆ ತಗೊಳ್ಳುವವರು ಬಿಸಿನೀರಿಂದ ದಿಢೀರ್ ಎದ್ದರೆ ತಲೆ ಸುತ್ತಿ ಬೀಳಬಹುದು, ಶುಗರ್‌ನಿಂದ ಕಾಲು ಮರಗಟ್ಟಿದವರಿಗೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಇದನ್ನು ಕೊನೆಗೆ ತಳ್ಳದೆ ನಡುವೆಯೇ ಹೇಳಿ.

ತಿದ್ದಿ ಕಳಿಸಿ, ಓದುತ್ತೇನೆ. ಅಂದಹಾಗೆ, ನೀರು ಹದವಾಯಿತಾ ಅಂತ ಅಜ್ಜಿ ನೋಡುತ್ತಿದ್ದದ್ದು ಬೆರಳು ಅದ್ದಿಯೋ, ಮೊಣಕೈ ಅದ್ದಿಯೋ? ಎರಡು ಕಡೆ ಎರಡು ಥರ ಬರೆದಿದ್ದೀರಿ.